ಎರಡನೆಯ ಅಳತೆ

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಸ್ಕೇಲ್ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಸ್ಕ್ಯಾನ್ ಓದುವುದನ್ನು ಕಲಿಯಲು ಬಂದು ಮೂರನೇ ವರ್ಷ. ಇಷ್ಟರಲ್ಲಿ ಅವನು ಅಳೆಯದೆ ಬಿಟ್ಟದ್ದು ಕ್ಯಾಂಟೀನಿನ ಬಾಗಿಲೊಂದೇ ಎಂದು ಜೊತೆಯವರು ನಗುತ್ತಿದ್ದರು.

ಪರೀಕ್ಷೆಗೆ ಕೂರಬೇಕಾದರೆ ಸಂಶೋಧನಾ ಪ್ರಬಂಧ ಒಪ್ಪಿಸಲೇಬೇಕು. ಅವನದು ಶ್ವಾಸಕೋಶದ ಗಂಟುಗಳ ಬಗ್ಗೆ. ಅರವತ್ತು ರೋಗಿಗಳ ಸ್ಕ್ಯಾನಿನಲ್ಲಿ ಗಂಟಿನ ಅಗಲ ಅಳೆಯಬೇಕು. ಮೂರು ವಾರ ಬಿಟ್ಟು, ಹಳೆಯ ಪಟ್ಟಿ ನೋಡದೆ, ಇನ್ನೊಮ್ಮೆ ಅಳೆಯಬೇಕು. ಎರಡು ಅಳತೆಗಳು ಎಷ್ಟು ಹತ್ತಿರವೋ ಆ ಕೈಯನ್ನು ಅಷ್ಟು ನಂಬಬಹುದು.

ಮೊದಲನೆಯದನ್ನು ಕಷ್ಟಪಟ್ಟೇ ಅಳೆದ. ಎರಡನೆಯದಕ್ಕೆ ಬೇಸರ ಬಂತು. ಹಳೆಯ ಪಟ್ಟಿ ತೆರೆದಿಟ್ಟುಕೊಂಡು ಇಲ್ಲಿ ಅರ್ಧ ಮಿಲಿಮೀಟರ್ ಏರಿಸಿ, ಅಲ್ಲಿ ಇಳಿಸಿ, ಒಂದೇ ಮಧ್ಯಾಹ್ನದಲ್ಲಿ ಅರವತ್ತನ್ನೂ ತುಂಬಿಸಿಬಿಟ್ಟ, ಭಂಡ.

ಗುರುವಾರ ಸಂಶೋಧನೆಯ ಪಾಠ ಹೇಳುವ ಮೇಡಂ ಆ ಪಟ್ಟಿಯನ್ನು ಕಿರಿಯರ ಮುಂದೆ ಎತ್ತಿ ಹಿಡಿದರು. "ಕೈ ಅಂದ್ರೆ ಇದು ಕಣ್ರಪ್ಪ." ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಅವನು ಕೂತಲ್ಲೇ ಕಾಲರ್ ಸರಿಮಾಡಿಕೊಂಡ.

ಕ್ಲಾಸು ಮುಗಿದ ಮೇಲೆ ಮೇಡಂ ಅವನೊಬ್ಬನನ್ನೇ ನಿಲ್ಲಿಸಿದರು. "ನಿನ್ನ ಅರವತ್ತರಲ್ಲಿ ಇಪ್ಪತ್ತನ್ನ ನಾನೂ ಎರಡೆರಡು ಸಲ ಅಳೆದೆ ಕಣಪ್ಪ. ಎರಡು ಮೂರು ಮಿಲಿಮೀಟರ್ ಆಚೀಚೆ ಆಗ್ತಿದೆ. ನಿಂದು ಅರ್ಧ ದಾಟಲ್ಲ. ನನ್ನ ಕಣ್ಣು ಹೋಯ್ತು ಅಂತ ಕಾಣುತ್ತೆ. ಇನ್ನು ಸ್ಕ್ಯಾನ್ ರಿಪೋರ್ಟ್ ಬರೆಯಲ್ಲ ಅಂತ ಸೋಮವಾರ ಪತ್ರ ಕೊಡ್ತೀನಿ."

"ಹಾಗೇನಿಲ್ಲ ಮೇಡಂ" ಎಂದಷ್ಟೇ ಹೇಳಿ ಅವನು ಹೊರಬಿದ್ದ. ಮೂವತ್ತು ವರ್ಷ ಸ್ಕ್ಯಾನ್ ಓದಿದ ಕಣ್ಣನ್ನು ಅವನ ಸುಳ್ಳು ಕುರುಡು ಮಾಡಿತ್ತು.

ಮನೆಯಲ್ಲಿ ಅಕ್ಕ ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಸುತ್ತಿ ಬಳಸಿ ಎಲ್ಲ ಹೇಳಿದ. ಅವಳು ತಲೆ ಎತ್ತಲಿಲ್ಲ.

"ಕಾಪಿ ಹೊಡೆದೆ ಅನ್ನು. ನನ್ನ ಆರನೇ ಕ್ಲಾಸಿನ ಮಕ್ಕಳು ಪಕ್ಕದವರದ್ದು ನೋಡಿ ಬರೀತಾವೆ. ನೀನು ನಿಂದೇ ನೋಡಿ ಬರೆದಿದ್ದೀಯಲ್ಲೋ, ನಾಚಿಕೆ ಆಗಲ್ವಾ?"

ಆಗುತ್ತಿತ್ತು. ಶನಿವಾರ, ಭಾನುವಾರ ಸ್ಕ್ಯಾನ್ ಕೋಣೆಯಲ್ಲೇ ಕೂತು ಅರವತ್ತನ್ನೂ ನಿಜವಾಗಿ ಅಳೆದ. ಎರಡು ಮಿಲಿಮೀಟರ್ ತಪ್ಪಿತು, ಮೂರು ತಪ್ಪಿತು, ಒಂದು ಕಡೆ ನಾಲ್ಕೂ ತಪ್ಪಿತು.

ಸೋಮವಾರ ಬೆಳಿಗ್ಗೆ ಎರಡೂ ಪಟ್ಟಿಗಳನ್ನು ಮೇಡಂ ಮೇಜಿನ ಮೇಲಿಟ್ಟ. "ಮೊದಲು ಕೊಟ್ಟಿದ್ದು ಸುಳ್ಳು ಮೇಡಂ. ಎರಡನೇ ಸಲ ನಾನು ಅಳೀಲೇ ಇಲ್ಲ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಮೇಡಂ ಹೊಸ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದರು.

"ನಾಲ್ಕಾ?"

"ಹೂಂ ಮೇಡಂ."

"ನಂದು ಮೂರು ದಾಟಿಲ್ಲ."

ಮೇಡಂ ಡ್ರಾಯರಿನಿಂದ ಪತ್ರ ತೆಗೆದು ಹರಿದು ಬುಟ್ಟಿಗೆ ಹಾಕಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಗುರುವಾರ ಕ್ಲಾಸಲ್ಲಿ ಇದನ್ನ ನೀನೇ ಎದ್ದು ನಿಂತು ಹೇಳು. ಪ್ರಬಂಧಕ್ಕೆ ಹೊಸ ಪಟ್ಟಿ ಹಾಕು." ಅವನು ಬಾಗಿಲು ಮುಟ್ಟುವಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ, "ಬದುಕಿಸಿದೆ ಕಣಪ್ಪ" ಎಂದರು.

ಕೆನ್ನೆಗೆರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಆ ಪಾಠ ಹೇಳುವವನು ಸ್ಕೇಲ್ ಡಾಕ್ಟ್ರೇ. ಪ್ರತಿ ವರ್ಷ ಮೊದಲ ದಿನವೇ ಎರಡೂ ಪಟ್ಟಿಗಳನ್ನು ಹುಡುಗರ ಮುಂದಿಟ್ಟು, ಇದು ಕದ್ದದ್ದು, ಇದು ಅಳೆದದ್ದು ಎಂದು ತೋರಿಸುತ್ತಾನೆ. ಮೇಡಂ ಕೊನೆಗೆ ಅಂದ ಆ ಮಾತನ್ನು ಮಾತ್ರ ಇವತ್ತಿಗೂ ಯಾರಿಗೂ ಹೇಳಿಲ್ಲ.