ಉಮ್ಮತ್ತೂರಿನ ಬಕಲ್ಲು

ನನ್ನ ಅಪ್ಪ ಸರ್ವೆಯರ್ ಆಗಿದ್ದರು. ಗುಂಡ್ಲುಪೇಟೆಯಲ್ಲಿ ಹೆಚ್ಚು ಕಾಲ, ನಡುವೆ ಮೂರು ವರ್ಷ ಚಾಮರಾಜನಗರದಲ್ಲಿ. ಜನರ ಹೊಲ ಅಳೆದು, ಜಗಳವಾಡುವ ಅಣ್ಣತಮ್ಮಂದಿರ ನಡುವೆ ಕಲ್ಲು ನೆಡಿಸಿ ನೌಕರಿ ಮುಗಿಸಿದರು. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಇದ್ದದ್ದು ಒಂದೇ ಹುಚ್ಚು, ರೋಮನ್ ಸೈನಿಕರ ಸಾಮಾನು ಕೂಡಿಡುವುದು.

ಅದು ಶುರುವಾದದ್ದು ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ತೆರೆದಾಗ. ಅಳತೆಯ ಹಳೇ ಉಪಕರಣಗಳ ಬಗ್ಗೆ ಏನೋ ಹುಡುಕಲು ಹೋದ ಅಪ್ಪ ಒಂದು ಚಿತ್ರ ಪ್ರಿಂಟ್ ಹಾಕಿಸಿಕೊಂಡು ಬಂದರು. ಒಂದು ಕೋಲು, ಅದರ ತಲೆಯ ಮೇಲೆ ಅಡ್ಡಕ್ಕೆ ಕೂಡಿಸಿದ ಎರಡು ಪಟ್ಟಿ, ನಾಲ್ಕು ತುದಿಯಿಂದ ಇಳಿಬಿದ್ದ ನಾಲ್ಕು ತೂಕದ ಗುಂಡು.

"ರೋಮಿನವ್ರ ದಂಡ್ನಲ್ಲೂ ಸರ್ವೆಯರ್ ಇದ್ದ ಕಣಮ್ಮಿ," ಎಂದು ನನಗೆ ಹೇಳಿದರು, ಚಪ್ಪಲಿ ಕೂಡ ಬಿಡದೆ ಅಡಿಗೆಮನೆ ಬಾಗಿಲಲ್ಲಿ ನಿಂತು. "ದಂಡು ಬೀಡು ಬುಡೋಕ್ ಮುಂಚೆ ಇವ್ನೇ ಓಗಿ ಅಳ್ದು ಗೂಟ ಹೊಡೀಬೇಕಿತ್ತಂತೆ. ಥೇಟ್ ನನ್ ಕೆಲ್ಸನೇ."

ಅವತ್ತು ಅವರ ಮುಖದಲ್ಲಿದ್ದ ಖುಷಿಯನ್ನು ನಾನು ಆಮೇಲೆ ಹೆಚ್ಚು ಸಲ ನೋಡಲಿಲ್ಲ. ತಹಸೀಲ್ದಾರರಿಂದ ಬೈಸಿಕೊಂಡು, ಹೊಲದ ಬದುವಿನಲ್ಲಿ ಎರಡೂ ಕಡೆಯವರಿಂದ ಬೈಸಿಕೊಂಡು ಬರುತ್ತಿದ್ದ ಮನುಷ್ಯನಿಗೆ ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಜೊತೆಗಾರ ಸಿಕ್ಕಿದ್ದ.

ನಮ್ಮ ರಸ್ತೆಯಲ್ಲಿ ವಯನಾಡಿನ ಕಡೆಯವರೊಬ್ಬರ ಬೇಕರಿ ಇತ್ತು. ಅವರ ತಮ್ಮ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದ. ಅಪ್ಪ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹರಾಜಿನಲ್ಲಿ ಬೇಕಾದ್ದನ್ನು ಆರಿಸುವುದು, ಆ ತಮ್ಮ ಅಲ್ಲಿ ಕೊಳ್ಳುವುದು, ರಜಕ್ಕೆ ಬಂದಾಗ ಚಾಕಲೇಟಿನ ಡಬ್ಬಿಯಲ್ಲಿ ತುಂಬಿ ತರುವುದು, ಹೀಗೆ ಏರ್ಪಾಡಾಯಿತು. ಬೇಕರಿಯವರು ಬನ್ನಿನ ಟ್ರೇ ಹಿಡಿದುಕೊಂಡೇ ರಸ್ತೆಯ ಆಚೆಯಿಂದ ಕೂಗುತ್ತಿದ್ದರು: "ಸಾರೇ, ನಿಮ್ಮ ಪಟ್ಟಾಳಂ ಬಂತು!" ಪಟ್ಟಾಳಂ ಎಂದರೆ ಅವರ ಮಾತಿನಲ್ಲಿ ದಂಡು.

ಬಾಣದ ಮೊನೆ, ಕವಣೆಯಲ್ಲಿ ಬೀಸುವ ಸೀಸದ ಗುಂಡು, ಸೈನಿಕರ ಚಪ್ಪಲಿಯ ಅಡಿಗೆ ಹೊಡೆಯುತ್ತಿದ್ದ ಮೊಳೆ, ಕವಚದ ತಗಡಿನ ಚೂರು, ಸೊಂಟಪಟ್ಟಿಯ ಕಂಚಿನ ಬಕಲ್ಲು. ಎಲ್ಲವೂ ಅಂಗೈಯಲ್ಲಿ ಹಿಡಿಸುವಂಥವು. ಅಮ್ಮನ ಗಾಜಿನ ಶೋಕೇಸಿನಿಂದ ಚನ್ನಪಟ್ಟಣದ ಬೊಂಬೆಗಳು ಕೆಳಗಿಳಿದವು. ಭಾನುವಾರ ಬೆಳಿಗ್ಗೆ ಅಪ್ಪ ಒಂದೊಂದನ್ನೇ ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ, ಪಂಚೆಯಲ್ಲಿ ಒರೆಸಿ ಜೋಡಿಸುತ್ತಿದ್ದರು. ಹಸಿರು ಕಿಲುಬು ಹೋಗಿ ಕಂಚು ದೇವರ ಸಾಮಾನಿನಂತೆ ಹೊಳೆಯುತ್ತಿತ್ತು.

ಅವರನ್ನು ನೋಡಿಯೇ ನಾನು ಪುರಾತತ್ತ್ವ ಓದಲು ಹೋದೆ. ಇದನ್ನು ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಮೈಸೂರಿನಲ್ಲಿ ಓದುತ್ತ ಮೊದಲ ವರ್ಷದಲ್ಲೇ ನನಗೆ ಗೊತ್ತಾಯಿತು, ಆ ಹರಾಜಿನ ಸಾಮಾನುಗಳು ಎಲ್ಲಿಂದ ಬರುತ್ತವೆ ಎಂದು. ಯಾವುದೋ ದೇಶದ ಹೊಲಗಳಲ್ಲಿ ಲೋಹ ಪತ್ತೆಹಚ್ಚುವ ಯಂತ್ರ ಹಿಡಿದು ಕದ್ದು ಅಗೆಯುವವರು, ಸದ್ದು ಮಾಡಿದ್ದನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಕಲಸಿ ಹೋಗುವವರು. ವಸ್ತುವಿಗಿಂತ ಅದು ಬಿದ್ದಿದ್ದ ಜಾಗ ದೊಡ್ಡದು ಎಂದು ನಮ್ಮ ಮೇಷ್ಟ್ರು ಪ್ರತಿ ಕ್ಲಾಸಿನಲ್ಲೂ ಹೇಳುತ್ತಿದ್ದರು. ಎಷ್ಟು ಆಳದಲ್ಲಿತ್ತು, ಯಾವ ಬಣ್ಣದ ಮಣ್ಣಿನಲ್ಲಿತ್ತು, ಪಕ್ಕದಲ್ಲಿ ಯಾವ ಮಡಕೆಯ ಚೂರಿತ್ತು ಎಂಬುದು ಇಲ್ಲದಿದ್ದರೆ ಕೈಯಲ್ಲಿರುವುದು ಬರೀ ಲೋಹ.

ದಸರಾ ರಜಕ್ಕೆ ಮನೆಗೆ ಬಂದವಳು ಕಲಿತದ್ದನ್ನೆಲ್ಲ ಅಪ್ಪನ ಮೇಲೆ ಸುರಿದೆ. ಶೋಕೇಸಿನ ಮುಂದೆ ನಿಂತು, "ಇದೆಲ್ಲ ಕಳ್ಳಮಾಲು ಅಪ್ಪ," ಎಂದೆ.

"ಕಾಸು ಕೊಟ್ಟು ತಂದಿವ್ನಿ."

"ಕಾಸು ಕೊಟ್ಟಿದ್ದಕ್ಕೇ ಅವ್ರು ಅಗೀತಾ ಇರೋದು. ಮತ್ತೆ ಇದನ್ನ ಉಜ್ಜಿ ಉಜ್ಜಿ ಇದ್ದಬದ್ದ ಸಾಕ್ಷಿನೂ ಹಾಳ್ಮಾಡಿದ್ದೀಯ. ನಿನ್ನಂಥೋರಿಂದ್ಲೇ ಚರಿತ್ರೆ ಹಾಳಾಗ್ತಿರೋದು."

ಅಪ್ಪ ಶೋಕೇಸಿನ ಬಾಗಿಲು ಮುಚ್ಚಿ, ಬೀಗ ಹಾಕಿ, ಕೀಲಿಕೈಯನ್ನು ದಾರಕ್ಕೆ ಕಟ್ಟಿ ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡರು. ಅಮ್ಮ ಒಳಗಿನಿಂದ, "ನಿಮ್ಮಪ್ಪಂಗೆ ಹಿಂಗ್ ಅನ್ನಕ್ಕಾ ಓದ್ಸಿದ್ದು?" ಎಂದಳು. ನನಗೆ ಇಪ್ಪತ್ತೆರಡು ವರ್ಷ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇವತ್ತಿಗೂ ಅದೇ ನನ್ನನ್ನು ಕಾಡುವುದು.

ಓದು ಮುಗಿದ ಮೇಲೆ ಗಡಿಯಾಚೆ ತಮಿಳುನಾಡಿನ ಒಂದು ಉತ್ಖನನದಲ್ಲಿ ತಾತ್ಕಾಲಿಕ ಸಹಾಯಕಿಯ ಕೆಲಸ ಸಿಕ್ಕಿತು. ಬೆಳಿಗ್ಗೆಯಿಂದ ಸಂಜೆವರೆಗೆ ಮಡಕೆ ಚೂರು ತೊಳೆದು, ಒಣಗಿಸಿ, ಒಂದೊಂದರ ಮೇಲೂ ಇಂಡಿಯನ್ ಇಂಕಿನಲ್ಲಿ ನಂಬರ್ ಬರೆಯುವುದು. ಒಂದು ಮಧ್ಯಾಹ್ನ ಪಕ್ಕದ ಗುಂಡಿಯಲ್ಲಿ ದಪ್ಪನೆಯ, ಮೂಲಂಗಿಯಂತೆ ಚೂಪಾದ ತಳದ ಒಂದು ಜಾಡಿಯ ತುಂಡು ಸಿಕ್ಕಿತು. ರೋಮ್‌ನ ಕಡೆಯಿಂದ ಹಡಗಿನಲ್ಲಿ ದ್ರಾಕ್ಷಿಯ ಮದ್ಯ ತುಂಬಿ ಬಂದ ಜಾಡಿ. ಇಡೀ ತಂಡ ಕೆಲಸ ನಿಲ್ಲಿಸಿ ಗುಂಡಿಯ ಸುತ್ತ ನೆರೆಯಿತು.

ಮುಂದಿನ ಸಲ ಊರಿಗೆ ಬಂದಾಗ ಊಟಕ್ಕೆ ಕೂತು ಇದನ್ನು ಅಪ್ಪನಿಗೆ ಹೇಳಿದೆ. ಜಗಳವಾಗಿ ಮೂರು ವರ್ಷದ ಮೇಲಾಗಿತ್ತು. ರೋಮಿನ ಮಾತು ಅವರೊಂದಿಗೆ ಆಡಿದ್ದು ಅದೇ ಮೊದಲು. ಜಾಡಿಯ ತಳ ಹೇಗಿತ್ತೆಂದು ಕೈಯಲ್ಲಿ ತೋರಿಸಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಒಳಗೆ ಕಪ್ಪಗೆ, ಡಾಂಬರ್ ಬಳ್ದಂಗೆ ಇರ್ತದಾ?"

ಒಳಗಿನ ಆ ಕಪ್ಪು ಲೇಪದ ಮಾತನ್ನು ನಾನು ಹೇಳಿರಲಿಲ್ಲ.

"ನೀನೆಲ್ಲಿ ನೋಡ್ದೆ?"

ಅವರು ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು. ಚಾಮರಾಜನಗರದಲ್ಲಿದ್ದಾಗ, ಉಮ್ಮತ್ತೂರಿನ ಆಚೆ ಒಂದು ಹೊಲದ ಪಾಲಿಗೆ ಅಳತೆಗೆ ಹೋಗಿದ್ದರಂತೆ. ದಿಬ್ಬದ ಮೇಲೆ ಕಲ್ಲು ನೆಡಲು ಆಳು ಗುಂಡಿ ತೋಡಿದಾಗ ಮೊಣಕಾಲುದ್ದ ಆಳದಲ್ಲಿ ಮಡಕೆ ಚೂರು, ಕೆಲವಕ್ಕೆ ಒಳಗೆ ಅದೇ ಕಪ್ಪು ಬಳಿದಿತ್ತಂತೆ, ಅದರ ನಡುವೆ ಹಸಿರುಗಟ್ಟಿದ ಒಂದು ಬಕಲ್ಲು. ಶೋಕೇಸಿನಲ್ಲಿ ಇದ್ದಂಥದ್ದೇ. ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡರು.

"ಮಡಕೆ ಚೂರು?"

"ಅದ್ಯಾರಿಗ್ ಬೇಕು ಅಂತ ಅಲ್ಲೇ ಬುಟ್ಟು ಮಣ್ಣು ಎಳ್ಸ್‌ಬುಟ್ಟೆ."

"ಯಾವ ಸರ್ವೆ ನಂಬರ್? ಎಲ್ಲಾದ್ರೂ ಬರ್ದಿದ್ದೀಯಾ?"

"ಬರ್ಯಕ್ಕಾಯ್ತದಾ? ಇನ್ನೊಬ್ರ ಹೊಲದಲ್ಲಿ ಸಿಕ್ಕಿದ್ದು. ಡ್ಯೂಟೀಲಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ ಅಪ್ಪ?"

"ನೀನು ಕಳ್ಳಮಾಲು ಅಂದಿದ್ದಲ್ಲ, ಅದಾದ ತಿಂಗ್ಳೊಪ್ಪತ್ತಲ್ಲೇ ಸಿಕ್ಕಿದ್ದು," ಎಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. "ಏಳಿದ್ರೆ ಇದ್ನೂ ಕದ್ದೆ ಅಂತಿದ್ದೆ. ಕದ್ದೇ ಇದ್ದೆ, ಅದ್ ಬ್ಯಾರೆ."

ಮಾರನೆಯ ಬೆಳಿಗ್ಗೆ ಇಬ್ಬರೂ ಚಾಮರಾಜನಗರದ ಬಸ್ಸು ಹಿಡಿದು, ಅಲ್ಲಿಂದ ಉಮ್ಮತ್ತೂರಿನ ಬಸ್ಸು ಹತ್ತಿದೆವು. ಅಪ್ಪ ಕಿಟಕಿಯ ಪಕ್ಕ ಕೂತು ಹುರುಪಿನಲ್ಲಿ ಮಾತಾಡುತ್ತಿದ್ದರು. ಸಮುದ್ರದಿಂದ ಘಟ್ಟ ಹತ್ತಿ ಬಂದ ವ್ಯಾಪಾರಿಗಳ ಜೊತೆ ಕಾವಲಿಗೆ ಒಬ್ಬ ಹಳೇ ಸೈನಿಕ ಬಂದಿರಬೇಕು, ಇಲ್ಲೇ ಕಾಯಿಲೆ ಬಿದ್ದಿರಬೇಕು ಎಂದರು. ನಾನೂ ತಲೆಯಾಡಿಸುತ್ತಿದ್ದೆ. ಕಲಿತ ಎಚ್ಚರಿಕೆಯೆಲ್ಲ ಮರೆತು ನಾನೂ ಆ ಸೈನಿಕನನ್ನು ನಂಬಿಬಿಟ್ಟಿದ್ದೆ. ನಾವಿಬ್ಬರೂ ಒಂದೇ ವಿಷಯಕ್ಕೆ ಸಂತೋಷಪಟ್ಟ ಒಂದೂವರೆ ಗಂಟೆ ಅದು.

ಬಸ್ಸಿಳಿದು ಎರಡು ಮೈಲಿ ನಡೆದೆವು. ಹೊಲ ಗೊತ್ತಾಯಿತು, ದಿಬ್ಬ ಇರಲಿಲ್ಲ. ಅರಿಸಿನದ ಗಿಡಗಳು ಸೊಂಟದೆತ್ತರಕ್ಕೆ ಸಾಲುಸಾಲಾಗಿ ನಿಂತಿದ್ದವು. ಕಳೆ ಕೀಳುತ್ತಿದ್ದ ಹೊಲದೊಡತಿ ಅಪ್ಪನ ಗುರುತು ಹಿಡಿದಳು.

"ದಿಬ್ಬನಾ? ಅದ್ನ ಎರಡು ವರ್ಸದಿಂದೆ ಜೇಸಿಬಿಲಿ ಮಟ್ಟ ಮಾಡ್ಸ್‌ಬುಟ್ಟೊ ಕನಾ ಸಾ. ನೀರು ಮೇಲಕ್ಕೆ ಅತ್ತಾ ಇರ್ಲಿಲ್ಲ. ಮಣ್ಣ ರಸ್ತೆಗೆ ಒಡ್ಕೊಂಡೋದ್ರು."

"ಚೂರು ಏನಾದ್ರೂ ಸಿಕ್ತಾ ತಾಯಿ? ಮಡಕೆ ಚೂರು?" ಎಂದು ನಾನು ಕೇಳಿದೆ.

"ಬೇಜಾನ್ ಇತ್ತು. ಕಾಲ್ಗೆ ಚುಚ್ಚದು. ಎಲ್ಲಾ ಓಯ್ತು."

ನಾವು ನಡೆದು ಬಂದದ್ದು ಅದೇ ರಸ್ತೆಯ ಮೇಲೆ. ಅದರ ಮೇಲೀಗ ಡಾಂಬರಿತ್ತು.

ಅಪ್ಪ ಅಂಗಿಯ ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದರು. ಅದರಲ್ಲಿ ಎರಡು ಬಕಲ್ಲುಗಳಿದ್ದವು. ಒಂದು ಇಲ್ಲಿಯದು, ಇನ್ನೊಂದು ಇಂಗ್ಲೆಂಡಿನಿಂದ ಬಂದದ್ದು, ಹೋಲಿಸಿ ನೋಡಲು ತಂದದ್ದು. ಎರಡೂ ಒಂದೇ ಅಳತೆ. ಎರಡೂ ಹುಣಸೆ ನೀರಿನಲ್ಲಿ ಮಿಂದು ಒಂದೇ ಸಮನೆ ಹೊಳೆಯುತ್ತಿದ್ದವು.

"ಇದು ಇಲ್ಲೀದು," ಎಂದು ಒಂದನ್ನು ಕೊಟ್ಟರು. ನಾನು ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿರುವಾಗಲೇ ಅವರ ಕೈ ಮುಂದೆ ಬಂತು. "ತಡಿ. ಅಲ್ಲ. ಇದು." ಮತ್ತೆ ಎರಡನ್ನೂ ಅಂಗೈಯಲ್ಲಿಟ್ಟು, ತಿರುವಿ, ಕನ್ನಡಕ ತೆಗೆದು, ಹಾಕಿಕೊಂಡು ನೋಡಿದರು. "ಇದ್ರ ಮೂಲೇಲಿ ಒಂದು ಗೀರಿತ್ತು. ಇತ್ತಾ?" ಇಬ್ಬರು ದಾಯಾದಿಗಳ ನಡುವೆ ಗೇಣುದ್ದದ ತಪ್ಪು ಬಿಡದ ಸರ್ವೆಯರ್ ಆ ಹೊಲದ ಬದುವಿನಲ್ಲಿ ಬೆವರುತ್ತ ನಿಂತಿದ್ದರು. ಕೊನೆಗೆ, "ಗೊತ್ತಾಯ್ತಿಲ್ಲ ಕಣಮ್ಮಿ," ಎಂದರು. ಹೊಲದೊಡತಿ ಪಾಪ ಅನ್ನಿಸಿ ಅವರಿಗೆ ಕುಡಿಯಲು ನೀರು ಕೊಟ್ಟಳು.

ಎರಡನ್ನೂ ನಾನು ಉತ್ಖನನದ ನಿರ್ದೇಶಕರ ಬಳಿ ಒಯ್ದೆ. ಅವರು ಒಳ್ಳೆಯ ಮನುಷ್ಯ; ಪೂರ್ತಿ ಕೇಳಿದರು. ಭೂತಗನ್ನಡಿಯಲ್ಲಿ ಸಂದುಗೊಂದುಗಳನ್ನೆಲ್ಲ ನೋಡಿದರು. ಕಂಚನ್ನು ಪರೀಕ್ಷಿಸಿ ಉಪಯೋಗವಿಲ್ಲ ಎಂದರು. ಇಲ್ಲಿ ಸಿಕ್ಕಿದ್ದೂ ರೋಮಿನ ಕಡೆಯೇ ತಯಾರಾದದ್ದು ತಾನೆ, ಎರಡೂ ಒಂದೇ ಉತ್ತರ ಕೊಡುತ್ತವೆ. ಅದು ಮಲಗಿದ್ದ ನೆಲವನ್ನು ಹೇಳಬಹುದಾಗಿದ್ದದ್ದು ಸಂದಿನಲ್ಲಿ ಕೂತ ಮಣ್ಣು ಮತ್ತು ಕಿಲುಬು. "ಅದನ್ನ ನಿಮ್ಮ ತಂದೆಯವರು ಬ್ರಷ್ ಹಾಕಿ ತೆಗೆದುಬಿಟ್ಟಿದ್ದಾರಮ್ಮ. ನಾನು ಏನಂತ ಬರೀಲಿ?" ಆ ಹೊಲಕ್ಕೆ ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡೆ. ದಿಬ್ಬವೇ ಇಲ್ಲದ ಕಡೆ ಅನುಮತಿ ಕೇಳುವುದು ಹೇಗೆ ಎಂದರು. ಅದೂ ಸರಿಯೇ. ನನಗೆ ಸಿಕ್ಕವರೆಲ್ಲ ಸರಿಯಾದ ಮಾತನ್ನೇ ಆಡುತ್ತಿದ್ದರು.

ಅರಿಸಿನದ ಕಟಾವಾದ ಮೇಲೆ ಎರಡು ವರ್ಷ, ಬೇಸಿಗೆಯಲ್ಲಿ, ನಾನೊಬ್ಬಳೇ ಹೋಗಿ ಆ ಹೊಲವನ್ನೂ ರಸ್ತೆಯ ಅಂಚನ್ನೂ ಹೆಜ್ಜೆಹೆಜ್ಜೆಗೆ ಹುಡುಕಿದೆ. ಕಪ್ಪು ಕೆಂಪಿನ ನಮ್ಮ ನಾಡಿನ ಚೂರುಗಳು ಒಂದು ಪ್ಲಾಸ್ಟಿಕ್ ಚೀಲದಷ್ಟು ಸಿಕ್ಕವು. ಚೂಪು ತಳದ ಜಾಡಿಯದು ಒಂದೂ ಇಲ್ಲ, ಒಳಗೆ ಕಪ್ಪು ಬಳಿದದ್ದು ಒಂದೂ ಇಲ್ಲ.

ಎರಡನೆಯ ಬೇಸಿಗೆಯಲ್ಲಿ ಸೋತು, ಸುಟ್ಟ ಮುಖ ಹೊತ್ತು ಮನೆಗೆ ಬಂದ ದಿನ ಅಪ್ಪ ಜಗಲಿಯ ಮೇಲೆ ಕೂತಿದ್ದರು. ನನ್ನ ಬಾಯಿಂದ ಆ ಮಾತು ಬಂದುಬಿಟ್ಟಿತು.

"ನಿಜ ಹೇಳು ಅಪ್ಪ. ಅಲ್ಲಿ ಬಕಲ್ಲು ಸಿಕ್ತಾ? ಇಲ್ಲಾ, ನನ್ನ ಜೊತೆ ಮಾತಿಗೆ ಏನಾದ್ರೂ ಬೇಕು ಅಂತ ಹೇಳಿದ್ಯಾ? ಒಳಗೆ ಕಪ್ಪಿರ್ತದೆ ಅಂತ ಇಂಟರ್‌ನೆಟ್ಟಲ್ಲೂ ಇರ್ತದೆ."

ಅವರು ನನ್ನನ್ನು ನೋಡಿದರು. ನಾನು ತಪ್ಪು ಅಳತೆ ಹೇಳಿದ ಆಳೇನೋ ಎಂಬಂತೆ, ತಾಳ್ಮೆಯಿಂದ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಕೈಕಾಲು ತೊಳೆದರು. ಅದಾದ ಮೇಲೆ ಬೇಕರಿಯ ಕಡೆಗೂ ಹೋಗಲಿಲ್ಲ, ಬ್ರೌಸಿಂಗ್ ಸೆಂಟರಿಗೂ ಹೋಗಲಿಲ್ಲ. ಭಾನುವಾರಗಳಲ್ಲಿ ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದರು. ನಾನು ಕ್ಷಮೆ ಕೇಳಬೇಕೆಂದುಕೊಂಡು ಪ್ರತಿ ಸಲವೂ ಬಸ್ಸಿಳಿಯುತ್ತಿದ್ದೆ. ನಂಬುತ್ತೇನೆ ಎಂದು ಸುಳ್ಳು ಹೇಳುವುದು ಹೇಗೆಂದು ತಿಳಿಯದೆ ವಾಪಸು ಬಸ್ಸು ಹತ್ತುತ್ತಿದ್ದೆ. ಮುಂದಿನ ವರ್ಷ ಅವರಿಗೆ ಲಕ್ವ ಹೊಡೆದು ಮಾತು ನಿಂತಿತು. ಎಂಟು ತಿಂಗಳು ಹಾಗೇ ಇದ್ದು ತೀರಿಕೊಂಡರು. ಆ ಎಂಟು ತಿಂಗಳಲ್ಲಿ ಒಮ್ಮೆ ಅವರ ಎಡಗೈ ನನ್ನ ಅಂಗೈ ಮೇಲೆ ಏನೋ ಆಕಾರ ಎಳೆಯಿತು. ಬಕಲ್ಲಿರಬಹುದು, ಹೊಲದ ನಕ್ಷೆಯಿರಬಹುದು, ಬರೀ ನಡುಕವೂ ಇರಬಹುದು.

ಅಷ್ಟರಲ್ಲಿ ನನ್ನ ತಾತ್ಕಾಲಿಕ ಕೆಲಸವೂ ಮುಗಿದಿತ್ತು. ಉತ್ಖನನದ ವರದಿ ಅಚ್ಚಾಗಲಿಲ್ಲ. ನಾನು ನಂಬರ್ ಬರೆದ ಚೂರುಗಳು ಮೂಟೆಗಳಲ್ಲಿ ಯಾವುದೋ ಉಗ್ರಾಣ ಸೇರಿದವು. ಅಪ್ಪನ ಶೋಕೇಸಿಗೂ ಆ ಉಗ್ರಾಣಕ್ಕೂ ಈಗ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಲು ಸೇರಿದೆ.

ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಶೋಕೇಸಿನಲ್ಲಿದ್ದ ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ, ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ಸರ್ಕಾರಕ್ಕೆ ಒಪ್ಪಿಸಲು ಪುರಾತತ್ತ್ವ ಇಲಾಖೆಯ ಕಚೇರಿಯೊಂದಕ್ಕೆ ಒಯ್ದೆ. ಗುಮಾಸ್ತರು ಒಂದು ನಮೂನೆ ಕೊಟ್ಟರು. ವಸ್ತುವಿನ ಹೆಸರು, ಲೋಹ, ಅಳತೆ, ದೊರೆತ ಸ್ಥಳ. ಒಂದೊಂದನ್ನೇ ಹತ್ತಿಯಿಂದ ಬಿಡಿಸಿ ಬರೆಯುತ್ತ ಹೋದೆ. ಕೊನೆಯ ಕಾಲಮ್ಮಿನಲ್ಲಿ ಪ್ರತಿ ಸಲ "ತಿಳಿದಿಲ್ಲ" ಎಂದು ಪೂರ್ತಿಯಾಗಿ ಬರೆಯುತ್ತಿದ್ದುದನ್ನು ನೋಡಿ ಅವರಿಗೆ ಬೇಸರ ಬಂದಿರಬೇಕು.

"ಎಲ್ಲಾ ಒಂದೇ ತಾನೇ ಮೇಡಂ? ಮೇಲೆ ಬರ್ದಿದ್ದೀರಲ್ಲ, ಕೆಳಗೆ ಡಿಟ್ಟೊ ಹಾಕ್ಬುಡಿ."

ಆಗ ನನ್ನ ಕೈಯಲ್ಲಿದ್ದದ್ದು ಆ ಎರಡು ಬಕಲ್ಲುಗಳು. ಉಮ್ಮತ್ತೂರು ಎಂದು ಬರೆದರೆ ಎರಡರಲ್ಲಿ ಒಂದು ಸುಳ್ಳಾಗುತ್ತಿತ್ತು. ಬರೆಯದಿದ್ದರೆ ಒಂದು ನಿಜ ಸಾಯುತ್ತಿತ್ತು, ಅದು ನಿಜವಾಗಿದ್ದ ಪಕ್ಷದಲ್ಲಿ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬರು ಕೆಮ್ಮಿದರು. ನಾನು ಡಿಟ್ಟೊ ಹಾಕಿ, ಸಹಿ ಮಾಡಿ, ಖಾಲಿ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ.