ಬಾಳೆಕಂದು ಕಟ್ಟಿದ ಕಾರಿನಲ್ಲಿ ಬಂಡೀಪುರಕ್ಕೆ

ಒಂದು ಕಾಲಕ್ಕೆ ಮಹಾರಾಜರು ಪರಿವಾರ ಸಮೇತ ಬೇಟೆಗೆ ಹೋಗುತ್ತಿದ್ದ ಬಂಡೀಪುರದ ಕಾಡಿಗೆ ಈಗ ಸೆಕೆಂಡ್ ಹ್ಯಾಂಡ್ ಕಾರುಳ್ಳ ಯಾರು ಬೇಕಾದರೂ ಹೋಗಬಹುದು. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಕಳೆದ ದಸರಾ ರಜೆಯಲ್ಲಿ ನಾವೂ ಗುಬ್ಬಿಯಿಂದ ಹೊರಟೆವು.

ಹೋಗಬೇಕೆಂಬ ಆಸೆ ಇದ್ದದ್ದು ಅಮ್ಮನಿಗೆ. ಪ್ರೈಮರಿ ಶಾಲೆಯ ಮೇಡಂ ಆಗಿ ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಆನೆಯ ಚಿತ್ರ ಬರೆದವಳು ಸರಪಳಿಯಿಲ್ಲದ ಆನೆಯನ್ನು ಒಮ್ಮೆಯೂ ನೋಡಿರಲಿಲ್ಲ. ಅಪ್ಪನಿಗೆ ಕಾಡಿನ ಬಗ್ಗೆ ವಿಶೇಷ ಅಭಿಪ್ರಾಯವಿರಲಿಲ್ಲ. ಕಾರಿನ ಬಗ್ಗೆ ಬೇಕಾದಷ್ಟಿತ್ತು. ಹಿಂದಿನ ದಿನ ಆಯುಧಪೂಜೆಯಲ್ಲಿ ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಬಂಪರಿನ ಎರಡೂ ಬದಿಗೆ ಆಳೆತ್ತರದ ಬಾಳೆಕಂದು ಕಟ್ಟಿದ್ದರು. ಕುಣಿಗಲ್ ಕೆರೆಯ ಬಳಿ ಇಂಜಿನ್ನಿಗೆ ದಣಿವಾಗಿದೆಯೆಂದು ಅರ್ಧ ಗಂಟೆ ನಿಲ್ಲಿಸಿದರು. ನಮ್ಮ ದಣಿವಿನ ಪ್ರಸ್ತಾಪ ಬರಲಿಲ್ಲ.

ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಕಾರಿಗೊಂದು ಸುತ್ತು ಬಂದ.

“ಏನ್ ಸಾರ್, ಆನೆಗೆ ಊಟ ಪಾರ್ಸಲ್ಲಾ?”

“ಪೂಜೆದು ಕಣಪ್ಪ. ಇವತ್ತು ಬಿಚ್ಚಂಗಿಲ್ಲ,” ಎಂದರು ಅಪ್ಪ.

“ಹಂಗಂತ ಆನೆಗೆ ಹೇಳಿ ಸಾರ್, ನಾಳೆ ಬಾ ಅಂತ. ಬಿಚ್ಚಿ, ಇಲ್ಲಾ ವಾಪಸ್ ಹೋಗಿ.”

ಅಪ್ಪ ಶಾಸ್ತ್ರ ವಿವರಿಸಿದರು. ಹಿಂದಿನ ಕಾರುಗಳು ಹಾರನ್ನಿನಲ್ಲಿ ಅಭಿಪ್ರಾಯ ತಿಳಿಸಿದವು. ಕೊನೆಗೆ ಅಪ್ಪ ರಿವರ್ಸ್ ಗೇರ್ ಹಾಕಿದರು. “ನಡೀರಿ, ಮೈಸೂರಲ್ಲಿ ಝೂ ಐತೆ.” ಧರ್ಮ ಉಳಿಯಿತು.

ಅಮ್ಮ ಬಾಗಿಲು ತೆಗೆದು ಇಳಿದಳು. ಚಪ್ಪಲಿ ಬಿಟ್ಟು, ಕಾರಿಗೆ ಕೈಮುಗಿದು, ಎರಡೂ ಕಂದು ಬಿಚ್ಚಿ ಗಾರ್ಡಿನ ಕೈಗೆ ಕೊಟ್ಟಳು. “ದೇವ್ರು ಕೇಳಿದ್ರೆ ನಾನ್ ಹೇಳ್ಕೋತೀನಿ. ನೀವು ಮುಂದಕ್ಕೆ ಹೊಡೀರಿ,” ಎಂದಳು. ಅಪ್ಪ ಹೊಡೆದರು.

ಎರಡನೇ ತಿರುವಿನಾಚೆ ಮುಂದಿನ ಕಾರುಗಳೆಲ್ಲ ನಿಂತಿದ್ದವು. ಒಂದು ಹೆಣ್ಣಾನೆ, ಅದರ ಹಿಂದೊಂದು ಮರಿ, ಯಾರ ಅವಸರವನ್ನೂ ಲೆಕ್ಕಿಸದೆ ರಸ್ತೆ ದಾಟಿದವು. ಅಮ್ಮ ಗಾಜಿಗೆ ಹಣೆ ಒತ್ತಿ ಕೂತಿದ್ದಳು. ಫೋನ್ ಕೂಡ ತೆಗೆಯಲಿಲ್ಲ. ಅಪ್ಪನ ಕಣ್ಣು ಕನ್ನಡಿಯಲ್ಲಿತ್ತು: ಹಿಂದಿನ ಜೀಪು ನಮ್ಮ ಬಂಪರಿಗೆ ಒಂದು ಗೇಣಿನಷ್ಟು ಹತ್ತಿರ ಬಂದು ನಿಂತಿತ್ತು.

ಪೊದೆ ಅಲುಗುವುದು ನಿಂತ ಮೇಲೆ ಅಮ್ಮ ಉಸಿರು ಬಿಟ್ಟಳು. “ಎಷ್ಟ್ ಚೆನ್ನಾಗಿತ್ತು ಕಣ್ರೀ, ಆ ಮರಿ.”

“ಎಲ್ಲಿ?” ಎಂದರು ಅಪ್ಪ.