ಊರಿಗೆ ಇಳಿಯುವ ಸೀರೆ

ಅಟ್ಟದಿಂದ ಇಳಿಸಿದ ಬ್ಯಾಗಿನ ಜಿಪ್ ಎಳೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಾಳೆ ಬೆಳಿಗ್ಗೆ ನಾನು, ನಮ್ಮವರು, ಮಗಳು ಮುಂಬೈ ಪಕ್ಕದ ಡೊಂಬಿವಲಿಯಿಂದ ಕುಂದಾಪುರಕ್ಕೆ ಕಾರಿನಲ್ಲಿ ಹೊರಟಿದ್ದೇವೆ. ಜೂನ್ ತಿಂಗಳು. ಇಲ್ಲಿ ಬೆವರು, ಪುಣೆ ದಾಟಿದರೆ ತಂಪು ಗಾಳಿ, ಘಾಟಿಯಲ್ಲಿ ಮಳೆ, ಕಾರಿನೊಳಗೆ ಎಸಿಯ ಚಳಿ. ಇಷ್ಟಕ್ಕೂ ಸೇರಿ ನನಗೊಂದೇ ಬ್ಯಾಗು. ಬಟ್ಟೆ ಜೋಡಿಸುವುದರಲ್ಲಿ ನಾನು ಮೊದಲಿನಿಂದಲೂ ದಡ್ಡಿ. ಕೊಡೆಯನ್ನು ಎಲ್ಲಕ್ಕಿಂತ ಅಡಿಯಲ್ಲಿಟ್ಟು, ಮಳೆ ಬಂದಾಗ ರಸ್ತೆ ಬದಿಯಲ್ಲಿ ಬ್ಯಾಗು ಬಿಚ್ಚಿ ಒಳಗಿನದನ್ನೆಲ್ಲ ಲಾರಿಯವರಿಗೆ ತೋರಿಸಿದವಳು. ಚಿಕ್ಕಮ್ಮ ಅದನ್ನು ನೋಡಿ ಹಣೆ ಚಚ್ಚಿಕೊಂಡಿದ್ದಳು.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಚಿಕ್ಕಪ್ಪನದು ಕಲ್ಯಾಣದಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು. ಅವರು ಇಡೀ ದಿನ ಸಾಂಬಾರಿನ ಹಬೆಯಲ್ಲಿ ಬೇಯುತ್ತಿದ್ದರೆ ಇವಳು ಮಧ್ಯಾಹ್ನದ ಹೊತ್ತು ಉಲ್ಹಾಸನಗರಕ್ಕೆ ಹೋಗಿ ಬಟ್ಟೆಯ ತುಂಡುಗಳನ್ನು ಆರಿಸಿ ತರುತ್ತಿದ್ದಳು. ಅಲ್ಲಿನ ಅಂಗಡಿಯವರು ಅವಳನ್ನು ಕಂಡರೆ ಸಾಧಾರಣ ಮಾಲು ಬಿಚ್ಚುತ್ತಲೇ ಇರಲಿಲ್ಲ, ನೇರ ಮೇಲಿನ ಕಪಾಟಿಗೆ ಕೈಹಾಕುತ್ತಿದ್ದರು. ನಮ್ಮ ಕಟ್ಟಡದ ಹೆಂಗಸರು ಪಲಾಝೊ ಎಂಬ ಅಗಲ ಪ್ಯಾಂಟಿನ ಹೆಸರನ್ನು ಕೇಳುವ ಮೊದಲೇ ಅವಳು ಅದನ್ನು ಹೊಲಿಸಿ, ಹಾಕಿ, ಬೇಜಾರಾಗಿ ಬಿಟ್ಟೂ ಆಗಿತ್ತು.

ಅವಳು ಬ್ಯಾಗು ತುಂಬುವುದನ್ನು ನೀವು ನೋಡಬೇಕಿತ್ತು. ಜಾರ್ಜೆಟ್ಟನ್ನು ಸುರುಳಿ ಸುತ್ತಬೇಕು, ಹತ್ತಿಯನ್ನು ಮಡಚಬೇಕು. ಘಾಟಿಗೆ ಕಪ್ಪು ಸಲ್ವಾರ್, ಕೆಸರು ಸಿಡಿದರೂ ಕಾಣದು. ಶಾಲಿನ ಜಾಗ ಬ್ಯಾಗಲ್ಲ, ತೊಡೆ. ಕೊನೆಗೆ ಎಲ್ಲದರ ಮೇಲೆ ಊರಿಗೆ ಇಳಿಯುವ ಸೀರೆ. ಅದು ನಮ್ಮ ಕಡೆಯ ಮುಂಬೈ ಸಂಸಾರಗಳ ಪದ್ಧತಿ. ದಾರಿಯುದ್ದಕ್ಕೂ ಮುದುಡಿ, ಬೆವತು, ವಾಂತಿ ಮಾಡಿಕೊಂಡು ಹೋದರೂ ಸರಿ, ಊರಿಗೆ ಸ್ವಲ್ಪ ಮೊದಲು ಬೈಂದೂರಿನಲ್ಲಿ ಯಾವುದಾದರೂ ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಮುಖ ತೊಳೆದು, ಹೊಸ ಸೀರೆ ಉಟ್ಟೇ ಮನೆ ಮೆಟ್ಟಿಲು ಹತ್ತಬೇಕು. "ಮುಂಬೈಯಿಂದ ಬಂದವ್ರು ಅಂತ ಗೊತ್ತಾಗ್ಬೇಕಲ್ಲ ಮಾರಾಯ್ತಿ" ಎನ್ನುತ್ತಿದ್ದಳು. ನಾನು ಅದನ್ನು ಬರೀ ಜಂಬ ಎಂದುಕೊಂಡಿದ್ದೆ. ನನಗಾಗ ಠಾಣೆ ನಗರದ ಆಫೀಸೊಂದರಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು, ಎಲ್ಲರ ಬಗ್ಗೆಯೂ ಅಭಿಪ್ರಾಯವಿತ್ತು.

ಆ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಅಮ್ಮ ಮೊದಲೇ ರೈಲಿನಲ್ಲಿ ಊರಿಗೆ ಹೋಗಿದ್ದಳು. ನಾನು ಚಿಕ್ಕಮ್ಮ, ಚಿಕ್ಕಪ್ಪನ ಜೊತೆ ಕಾರಿನಲ್ಲಿ ಹೊರಡುವುದೆಂದಾಯಿತು. ಹೊರಡುವ ಹಿಂದಿನ ದಿನ ಅಮ್ಮನ ಫೋನು ಬಂತು. "ಡಾಕ್ಟ್ರು ಕೈಬಿಟ್ಟಿದ್ದಾರೆ. ಚಿಕ್ಕಮ್ಮನ ಬ್ಯಾಗಲ್ಲಿ ಒಂದು ಸಾದಾ ಸೀರೆ ಇರ್ಲಿ. ನಂಗೆ ಅವ್ಳ ಹತ್ರ ಹೇಳ್ಲಿಕ್ಕೆ ಬಾಯಿ ಬರೂದಿಲ್ಲ." ಚಿಕ್ಕಮ್ಮನ ಹತ್ತಿರ ಬಣ್ಣವಿಲ್ಲದ ಸೀರೆಯೇ ಇರಲಿಲ್ಲ. ಅಮ್ಮನ ಬಿಸ್ಕತ್ತು ಬಣ್ಣದ ಹತ್ತಿ ಸೀರೆಯೊಂದನ್ನು, ಚಿಕ್ಕಮ್ಮ ಸ್ನಾನಕ್ಕೆ ಹೋದಾಗ, ಅವಳ ಬ್ಯಾಗಿನ ತಳದಲ್ಲಿ ತುರುಕಿದೆ. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡೆ.

ನಿಪ್ಪಾಣಿ ದಾಟುತ್ತಲೇ ಹಿಡಿದ ಮಳೆ ಬಿಡಲಿಲ್ಲ. ಡಿಕ್ಕಿಯೊಳಗೆ ನೀರು ಸೇರಿತು. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಚಿಕ್ಕಮ್ಮ ಒದ್ದೆ ಬ್ಯಾಗನ್ನು ಹಿಂದಿನ ಸೀಟಿಗೆ ತಂದು ಒಂದೊಂದೇ ಬಟ್ಟೆ ತೆಗೆದು ಹರವಿದಳು. ತಳ ಮುಟ್ಟಿದ ಕೈ ಅಲ್ಲೇ ನಿಂತಿತು.

"ಇದು ಯಾರು ಇಟ್ಟದ್ದು?"

"ನಾನು" ಎಂದೆ. ಅಮ್ಮನ ಹೆಸರು ಹೇಳಲಿಲ್ಲ.

"ನನ್ನಮ್ಮ ಇನ್ನೂ ಉಂಟು" ಎಂದಳು. ಅಷ್ಟೇ. ಸೀರೆಯ ನೀರು ಹಿಂಡಿ, ಮಡಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಮಡಿಲಲ್ಲಿಟ್ಟಳು. ಅಂಕೋಲೆಯವರೆಗೂ ಆ ಚೀಲ ನನ್ನ ಮಡಿಲಲ್ಲೇ ಇತ್ತು, ಅದರ ತಂಪು ತೊಡೆಗೆ ಇಳಿಯುತ್ತಿತ್ತು.

ಬೈಂದೂರಿನಲ್ಲಿ ಅವಳು ನವಿಲುಹಸಿರು ಬಣ್ಣದ ಸೀರೆ ಉಟ್ಟಳು. ತುಟಿಗೆ ಬಣ್ಣ ಹಚ್ಚಿದಳು. ಮನೆಯ ಅಂಗಳದಲ್ಲಿ ನೆರೆಕರೆಯವರು ಸೇರಿದ್ದರು. "ಇವ್ಳು ಮದ್ವೆಗೆ ಬಂದದ್ದಾ?" ಎಂದು ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಸುಳ್ಳೇಕೆ ಹೇಳಲಿ, ನನಗೂ ನಾಚಿಕೆಯಾಗಿ ಎರಡು ಹೆಜ್ಜೆ ಹಿಂದೆ ಉಳಿದೆ.

ಅಜ್ಜಿಗೆ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಚಿಕ್ಕಮ್ಮ ಹಾಸಿಗೆಯ ಪಕ್ಕ ಕೂತು ಸೆರಗಿನ ತುದಿಯನ್ನು ಅವಳ ಕೈಯಲ್ಲಿಟ್ಟಳು. ಎರಡು ದಿನಗಳಿಂದ ಯಾರೊಂದಿಗೂ ಮಾತಾಡದಿದ್ದ ಅಜ್ಜಿ ಬೆರಳುಗಳಿಂದ ಅದನ್ನು ಮೆಲ್ಲನೆ ಉಜ್ಜಿ ನೋಡಿ ಕೇಳಿದಳು:

"ಹೊಸ್ತಾ?"

"ಹೌದಮ್ಮ, ಹೊಸ್ತು. ನಿಮ್ಗೇ ಅಂತ ಉಟ್ಟದ್ದು."

ಪ್ರತಿ ಸಲ ಚಿಕ್ಕಮ್ಮ ಊರಿಗೆ ಹೋದಾಗಲೂ ಅಜ್ಜಿ ಸೆರಗು ಮುಟ್ಟಿ ಇದನ್ನೇ ಕೇಳುತ್ತಿದ್ದಳಂತೆ. ಮಗಳು ಅಷ್ಟು ದೂರದಲ್ಲಿ ಸುಖವಾಗಿದ್ದಾಳೆಯೇ ಎಂದು ತಿಳಿಯಲು ಅವಳಿಗಿದ್ದ ದಾರಿ ಅದೊಂದೇ. ನಾನು ಜಂಬ ಎಂದುಕೊಂಡದ್ದು ತಾಯಿಗೆ ಕೊಡುವ ಉತ್ತರವಾಗಿತ್ತು. ನನಗೆ ಆಗ ಅಳು ತಡೆಯಲಾಗಲಿಲ್ಲ.

ಮೂರನೆಯ ದಿನ ಅಜ್ಜಿ ಹೋದಳು. ಚಿಕ್ಕಮ್ಮ ನನ್ನ ಬಳಿ ಬಂದು ಕೈಚಾಚಿದಳು. ನಾನು ಬಿಸ್ಕತ್ತು ಬಣ್ಣದ ಸೀರೆಯನ್ನು ಕೊಟ್ಟೆ. ಡೊಂಬಿವಲಿಗೆ ಮರಳಿದ ಮೇಲೆ ಅದನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟಳು. "ನೀನು ಇಟ್ಟದ್ದು ಉಪಯೋಗಕ್ಕೆ ಬಂತು, ಇಲ್ಲ ಅನ್ನೂದಿಲ್ಲ. ಆದ್ರೆ ಇನ್ನು ಯಾರಿಗೂ ಹಾಗೆ ಮೊದ್ಲೇ ಇಡ್ಬೇಡ" ಎಂದಳು. ಕೋಪವಿರಲಿಲ್ಲ, ಬೇಡಿಕೊಂಡಂತಿತ್ತು.

ಹೋಟೆಲು ಮುಚ್ಚಿದ ಮೇಲೆ ಚಿಕ್ಕಮ್ಮ ಕುಂದಾಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ಈಗ ಅಲ್ಲಿನ ಆಸ್ಪತ್ರೆಯಲ್ಲಿ. ನಿನ್ನೆ ಅವನು ಫೋನು ಮಾಡಿ, "ಅಕ್ಕ, ಬೇಗ ಬಂದ್ರೆ ಒಳ್ಳೇದು" ಎಂದ.

ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಮಗಳು ಒಳಗೆ ಬಂದಳು. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ. ಕೈಯಲ್ಲಿ ನನ್ನದೇ ಬೂದು ಬಣ್ಣದ ಹತ್ತಿ ಸೀರೆಯಿತ್ತು.

"ಮಮ್ಮಿ, ಯೇ ಪ್ಲೇನ್ ವಾಲಾ ಭೀ ರಖ್ ದೂಂ? ಮತ್ಲಬ್... ಕುಛ್ ಹೋ ಗಯಾ ತೋ?"

ಏನಾದರೂ ಆಗಿಬಿಟ್ಟರೆ ಎಂದು ಸಾದಾ ಸೀರೆಯನ್ನೂ ಇಡಲೇ ಎಂದು ಕೇಳಿದ್ದು ಅವಳ ತಪ್ಪೇನೂ ಅಲ್ಲ. ಆ ವಯಸ್ಸಿನಲ್ಲಿ ನಾನೂ ಅಷ್ಟೇ ಬುದ್ಧಿವಂತೆಯಾಗಿದ್ದೆ.

"ಬೇಡ ಮಗಾ, ಅದನ್ನು ಕಪಾಟಿನಲ್ಲೇ ಇಡು. ನಿನ್ನ ಕುಂದಾಪುರದ ಅಜ್ಜಿ ಇನ್ನೂ ಇದ್ದಾರೆ" ಎಂದೆ.

ಕಳೆದ ದೀಪಾವಳಿಗೆ ಕೊಂಡ ದಾಳಿಂಬೆ ಬಣ್ಣದ ರೇಷ್ಮೆ ಸೀರೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ಇಷ್ಟು ದಿನ ಸೋಮಾರಿತನದಿಂದ ಅದಕ್ಕೆ ಫಾಲ್ ಹಚ್ಚಿರಲಿಲ್ಲ. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದೆ. ಚಿಕ್ಕಮ್ಮನ ಕೈಗೆ ಸೆರಗಿಟ್ಟಾಗ ಅವಳು ಹೊಸ್ತಾ ಎಂದು ಕೇಳದಿದ್ದರೂ ಪರವಾಗಿಲ್ಲ, ಕೇಳಿದರೆ ಹೌದು ಎನ್ನುವಂತಿರಬೇಕು.